ಕಡತದ ಅತ್ತಿಗೆ ಮತ್ತು ಕಟಿಂಗ್ ಮಿಷನ್ನು

ಆ ಕಂಪನಿಯ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಅಂಗಡಿಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಕೂತ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದ, ಎದ್ದು ಹೋಗುವಾಗ ಸ್ಟಿಕರ್ ಕತ್ತರಿಸುವ ನನ್ನ ಯಂತ್ರವನ್ನು ಬೂಟಿನ ತುದಿಯಿಂದ ತಟ್ಟಿ, "ಇದು ಸತ್ತಿದೆ, ಗುಜರಿಗೆ ಹಾಕಿ" ಅಂದ. ಕೈಯಿಂದ ತಟ್ಟಿದ್ದರೆ ಒಂದು ಮಾತು. ಬೂಟಿನಿಂದ! ಲೋಟ ಅವನ ಬೆನ್ನಿಗೆ ಎಸೆಯಬೇಕು ಅನ್ನಿಸಿತ್ತು. ಹೆಂಡತಿ ಅಷ್ಟರಲ್ಲೇ ಲೋಟ ಎತ್ತಿಟ್ಟಿದ್ದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಗೊತ್ತಿರುತ್ತದೆ.

ಯಂತ್ರ ಸತ್ತಿರಲಿಲ್ಲ. ಸ್ವಿಚ್ ಹಾಕಿದರೆ ದೀಪ ಹತ್ತುತ್ತಿತ್ತು, ಚಾಕು ಎಡದಿಂದ ಬಲಕ್ಕೆ ಒಮ್ಮೆ ಓಡಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಸತ್ತದ್ದು ಪಕ್ಕದ ಕಂಪ್ಯೂಟರು, ಸಿಡಿಲು ಬಡಿದು. ಹೊಸ ಕಂಪ್ಯೂಟರು ತಂದೆ. ಅದು ನನ್ನ ಹಳೇ ಯಂತ್ರದ ಮುಖ ನೋಡಲೂ ಒಪ್ಪಲಿಲ್ಲ. ಇವೆರಡರ ನಡುವೆ ಮಾತು ದಾಟಿಸಲು ಡ್ರೈವರ್ ಅನ್ನುವ ಒಂದು ಚಿಕ್ಕ ತಂತ್ರಾಂಶ ಬೇಕಂತೆ. ನನ್ನ ಹಳೇ ಮಾಡೆಲ್ಲಿಗೆ ಹೊಸ ಡ್ರೈವರನ್ನು ಕಂಪನಿ ಮಾಡಿಲ್ಲ, ಮಾಡುವುದೂ ಇಲ್ಲವಂತೆ.

ನಮ್ಮಣ್ಣ ಬಸ್ ಓಡಿಸುತ್ತಿದ್ದವನು. "ಡ್ರೈವರ್ ಇಲ್ಲ ಅಂತ ಅಳ್ತೀಯಲ್ಲೋ, ನಾನಿಲ್ವಾ?" ಅಂದು ತಾನೇ ನಕ್ಕ. ನನಗೆ ನಗು ಬರಲಿಲ್ಲ.

ಬರುವುದಾದರೂ ಹೇಗೆ? ನಾನು ಬೋರ್ಡ್ ಬರೆಯುವವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬ್ರಷ್ ಹಿಡಿದೆ. ನಲವತ್ತರಲ್ಲಿ ಏಣಿಯಿಂದ ಬಿದ್ದ ಮೇಲೆ ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಬ್ರಷ್ ನಿಲ್ಲುವುದಿಲ್ಲ. ಆಮೇಲೆ ನನಗೆ ಬಲಗೈ ಅಂದರೆ ಈ ಯಂತ್ರವೇ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದರೆ ಅದು ಬಣ್ಣದ ಸ್ಟಿಕರಿನಲ್ಲಿ ಕತ್ತರಿಸಿ ಕೊಡುತ್ತದೆ, ನಾನು ಹಲಗೆಗೆ ಅಂಟಿಸುತ್ತೇನೆ. ಹೊಸ ಬಸ್ ನಿಲ್ದಾಣದ ಅರವತ್ತೆರಡು ಬೋರ್ಡುಗಳ ಕೆಲಸ ಆಗ ಕೈಯಲ್ಲಿತ್ತು, ಹದಿನೆಂಟು ದಿನ ಬಾಕಿ. ಕೊಡದಿದ್ದರೆ ಆ ಕೆಲಸ ದೊಡ್ಡ ರಸ್ತೆಯ ಅಂಗಡಿಗೆ, ಅದರ ಹಿಂದೆಯೇ ನನ್ನ ಉಳಿದ ಗಿರಾಕಿಗಳೂ ಅಲ್ಲಿಗೆ. ಗುಜರಿಯವನು ಆಗಲೇ ಬಂದು ಯಂತ್ರದ ಉದ್ದ ಅಳೆದುಕೊಂಡು ಹೋಗಿದ್ದ.

ಆಗ ಬಂದವರು ಅತ್ತಿಗೆ, ಅಣ್ಣನ ಹೆಂಡತಿ. ಹೋದ ವರ್ಷ ತೀರಿಕೊಂಡರು. ಅವರ ವಿಷಯ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅತ್ತಿಗೆ ಹತ್ತೊಂಬತ್ತನೇ ವಯಸ್ಸಿಗೆ ಆಸ್ಪತ್ರೆಯ ದಾಖಲೆ ಕೋಣೆಗೆ ಟೈಪಿಸ್ಟಾಗಿ ಸೇರಿದವರು. ನೆಲದಿಂದ ಸೂರಿನವರೆಗೆ ಕಡತ, ಎತ್ತರದಲ್ಲೊಂದೇ ಕಿಟಕಿ. ಕಂಪ್ಯೂಟರು ಬಂದಾಗ ಮಿಕ್ಕವರೆಲ್ಲ ಬೇರೆ ವಿಭಾಗಕ್ಕೆ ವರ್ಗ ಮಾಡಿಸಿಕೊಂಡು ಓಡಿದರಂತೆ. ಇವರು ಉಳಿದರು. ಅಲ್ಲಿದ್ದದ್ದು ಯುನಿಕ್ಸ್ ಅನ್ನುವ ವ್ಯವಸ್ಥೆ. ಚಿತ್ರವಿಲ್ಲ, ಮೌಸಿನ ಬಾಣವಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ಬೇಕಾದ್ದನ್ನು ಟೈಪ್ ಮಾಡಿ ಕೇಳಬೇಕು. "ತಪ್ಪಿದ್ರೆ ತಪ್ಪು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ ಕಣಪ್ಪ," ಅನ್ನುತ್ತಿದ್ದರು, "ನಿನ್ನ ಹಾಗೇ. ಆದ್ರೆ ಅದು ಕೂಗಲ್ಲ." ಪ್ರಿಂಟರ್ ಕೆಟ್ಟರೆ ಮೇಲಿನವರಿಗೆ ಅರ್ಜಿ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯುವುದನ್ನು ಬಿಟ್ಟು ತಾವೇ ಕಲಿತರು.

ಕಲಿತದ್ದು ಒಂದೇ ಉಪಾಯದಿಂದ: ನೋಟ್‌ಬುಕ್ಕು. ಎಡಗಡೆ ಹಾಳೆಯಲ್ಲಿ ತಾವು ಟೈಪ್ ಮಾಡಿದ್ದು, ಬಲಗಡೆ ಹಾಳೆಯಲ್ಲಿ ಅದು ಕೊಟ್ಟ ಉತ್ತರ. ಏನೂ ಉತ್ತರ ಬರದಿದ್ದರೆ "ಸುಮ್ಮನಿತ್ತು" ಅಂತ ಬರೆಯುತ್ತಿದ್ದರು, ಗಂಟೆ ಸಮೇತ. ಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೂ ತುಂಬಿಸಿದ ತಾರೀಖು ಇರುತ್ತಿತ್ತು. "ನಮ್ಮ ಮದುವೆಗೂ ಒಂದು ಕಡತ ಇದೆ. ದೂರಿನ ಹಾಳೆ ಪೂರ್ತಿ ನಂದೇ," ಎಂದು ಅಣ್ಣ ಹೇಳುತ್ತಿದ್ದ. ಕಡತದ ಅತ್ತಿಗೆ ಅನ್ನುವ ಹೆಸರು ಮನೆಮಂದಿಗೆಲ್ಲ ಬಾಯಿಪಾಠ.

ನನಗೂ ಅವರಿಗೂ ಅಷ್ಟಕ್ಕಷ್ಟೇ. ಒಮ್ಮೆ ಗಿರಾಕಿಯ ಎದುರಿಗೇ ನನ್ನ ಬೋರ್ಡಿನ ಒಂದು ಅಕ್ಷರ ವಾಲಿದೆ ಅಂದಿದ್ದರು. ನಾನು ಇಲ್ಲ ಅಂದೆ. ಚೀಲದಿಂದ ಸ್ಕೇಲ್ ತೆಗೆದು ಇಟ್ಟು ತೋರಿಸಿದರು. ಒಂದು ವರ್ಷ ಅವರ ಮನೆ ಮೆಟ್ಟಿಲು ಹತ್ತಿರಲಿಲ್ಲ ನಾನು.

ಆ ದಿನ ಅತ್ತಿಗೆ ಆಟೋದಿಂದ ಇಳಿಸಿದ್ದು ಆಸ್ಪತ್ರೆಯವರು ಬೇಡವೆಂದು ಬಿಟ್ಟ ಒಂದು ಹಳೇ ಕಂಪ್ಯೂಟರು. "ಇದರಲ್ಲಿ ಲಿನಕ್ಸ್ ಹಾಕಿದೀನಿ. ಯುನಿಕ್ಸ್ ವಂಶದ್ದೇ, ನನಗೆ ಹೊಸದಲ್ಲ. ಮೇಜು ಖಾಲಿ ಮಾಡು."

"ಕಂಪನಿಯವರ ಕೈಲೇ ಆಗಿಲ್ಲ, ನಿಮ್ಮ ಕೈಲಿ ಆಗುತ್ತಾ ಅತ್ತಿಗೆ?"

"ಆಗಲ್ಲ ಅಂತ ಅವರು ಹೇಳಿಲ್ಲ. ಮಾಡಲ್ಲ ಅಂದಿದಾರೆ. ಎರಡೂ ಒಂದೇ ಏನು?"

ಚಾಕಿನ ಜಾಗಕ್ಕೆ ಬಾಲ್‌ಪೆನ್ನಿನ ಕಡ್ಡಿ ಸಿಕ್ಕಿಸಿದರು, ಸ್ಟಿಕರ್ ಹಾಳಾಗಬಾರದು ಎಂದು. ಮೂರು ದಿನ ಯಂತ್ರ ಅಲುಗಲಿಲ್ಲ. ನೋಟ್‌ಬುಕ್ಕಿನ ಬಲಹಾಳೆ ತುಂಬ ಸುಮ್ಮನಿತ್ತು, ಸುಮ್ಮನಿತ್ತು, ಸುಮ್ಮನಿತ್ತು. ನಾಲ್ಕನೇ ದಿನ ಮಧ್ಯಾಹ್ನ ಎರಡೇ ಸಾಲು ಟೈಪ್ ಮಾಡಿದರು. "ಪಿ ಡಿ ಅಂದ್ರೆ ಪೆನ್ನು ಕೆಳಗೆ, ಪಿ ಯು ಅಂದ್ರೆ ಮೇಲೆ. ನಿನ್ನ ಮಿಷನ್ನಿಗೆ ಬರೋದು ಇಷ್ಟೇ ಭಾಷೆ, ಪಾಪ." ಪೆನ್ನಿನ ಕಡ್ಡಿ ಇಳಿಯಿತು. ಗರ್ರ್ ಎಂದು ಒಂದು ಗೇಣುದ್ದ ಗೆರೆ ಎಳೆದು ಮೇಲೆದ್ದಿತು.

ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಸವರಿದೆ. "ಗೆರೆ ವಾಲಿದೆ," ಅಂದೆ.

"ಸ್ಕೇಲ್ ಕೊಡಲಾ?" ಅಂದರು.

ಅಕ್ಷರಗಳನ್ನು ಆ ಭಾಷೆಗೆ ಬದಲಿಸುವ ಒಂದು ಪುಟ್ಟ ತಂತ್ರಾಂಶವನ್ನು ಅತ್ತಿಗೆ ಹುಡುಕಿದರು. ಯಾವುದೋ ದೂರದ ಊರಿನವನು ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟದ್ದು. ಬೇರೆ ಮಾಡೆಲ್ಲಿನದು. ಅದನ್ನು ನಮ್ಮದಕ್ಕೆ ಹೊಂದಿಸುತ್ತಾ ಹೋದರು. ಚಾಕು ಹಾಕಿ ಕತ್ತರಿಸಿದಾಗ ದುಂಡು ಅಕ್ಷರಗಳು ಮಾತ್ರ ಸ್ಟಿಕರಿನಿಂದ ಬಿಡಿಸಿಕೊಳ್ಳಲಿಲ್ಲ. ಸುತ್ತು ಮುಗಿಯುವಲ್ಲಿ ಒಂದು ಎಳೆ ಅಂಟಿಕೊಂಡೇ ಇರುತ್ತಿತ್ತು. ಇದು ನನಗೆ ಗೊತ್ತಿದ್ದ ವಿಷಯ. ಚಾಕಿನ ತುದಿ ಸ್ವಲ್ಪ ಹಿಂದೆ ಎಳೆದುಕೊಂಡು ಬರುತ್ತದೆ, ಹೊರಟ ಜಾಗ ದಾಟಿ ಮುಂದೆ ಹೋಗಿ ನಿಲ್ಲಬೇಕು.

"ಎಷ್ಟು ಮುಂದೆ?"

"ಒಂದು ಕೂದಲೆಳೆ."

"ಕೂದಲು ಅಂದ್ರೆ ಅದಕ್ಕೆ ಅರ್ಥ ಆಗಲ್ಲ, ಸಂಖ್ಯೆ ಹೇಳು."

ಏಳು ಸಲ ಕತ್ತರಿಸಿ, ಬೆರಳಲ್ಲಿ ಸವರಿ ನೋಡಿ ಹೇಳಿದೆ: ಅರ್ಧ ಮಿಲಿಮೀಟರಿಗೆ ಚೂರು ಕಡಿಮೆ. ಬರೆದುಕೊಂಡರು, ಪಕ್ಕದಲ್ಲಿ ನನ್ನ ಹೆಸರು ಹಾಕಿ.

ಮರುದಿನ ಹನ್ನೊಂದು ಬೋರ್ಡಿನ ಅಕ್ಷರ ಕತ್ತರಿಸಿದೆವು. ಅದರ ಮರುದಿನ ಯಂತ್ರ ಮತ್ತೆ ಮೂಕವಾಯಿತು. ಆ ಕಡೆ ಹೆಂಡತಿ ಕೂಗಿದಳು, "ರೀ, ಬನ್ರೀ ಇಲ್ಲಿ! ನಿಮ್ಮ ಮಿಷನ್ನು ನನ್ನ ಬಿಲ್ ಮಿಷನ್ನಲ್ಲಿ ವಾಂತಿ ಮಾಡ್ತಿದೆ!" ಅಂಗಡಿಯ ಅರ್ಧ ಭಾಗದಲ್ಲಿ ಅವಳು ಜೆರಾಕ್ಸ್ ಮಾಡುತ್ತಾಳೆ, ಅವಳ ಬಿಲ್ ಪ್ರಿಂಟರನ್ನೂ ಇದೇ ಕಂಪ್ಯೂಟರಿಗೆ ಸೇರಿಸಿದ್ದೆವು. ಅದು ಪಿ ಡಿ, ಪಿ ಯು, ಅಂಕಿ, ಅಲ್ಪವಿರಾಮ ಅಂತ ಮೊಳಗಟ್ಟಲೆ ಕಾಗದ ಕಕ್ಕುತ್ತಿತ್ತು. ಮರುದಿನ ಎಲ್ಲ ಸರಿಯಾಯಿತು. ಆಮೇಲೆ ಎರಡು ದಿನ ಪುನಃ ವಾಂತಿ. ಒಂಬತ್ತು ದಿನ ಉಳಿದಿತ್ತು, ನಲವತ್ತು ಬೋರ್ಡು ಉಳಿದಿತ್ತು, ಹೆಚ್ಚು ಕಡಿಮೆ ಒಂದು ಇಡೀ ಬಿಲ್ ಕಾಗದದ ಸುರುಳಿ ಹಾಳಾಗಿತ್ತು.

ನನ್ನ ತಾಳ್ಮೆ ತಪ್ಪಿತು. "ಈ ಬಿಟ್ಟಿ ಸಾಮಾನು ಎತ್ಕೊಂಡು ಹೋಗಿ! ಆಸ್ಪತ್ರೆ ಕಸ ತಂದು ನನ್ನ ಮೇಜಿನ ಮೇಲೆ ಹಾಕಿದೀರಿ. ನನ್ನ ಹೊಟ್ಟೆಪಾಡಲ್ಲಿ ನಿಮ್ಮ ಆಟ ಬೇಡ!" ಎಂದು ಬೀದಿಗೆ ಕೇಳುವ ಹಾಗೆ ಕಿರುಚಿದೆ. ಅತ್ತಿಗೆ ಕೊಡೆ ತೆಗೆದುಕೊಂಡು ಹೊರಟು ಹೋದರು.

ಮಾರನೆಯ ದಿನ ಅಂಗಡಿಯ ಬೀಗ ತೆಗೆಯುವ ಮೊದಲೇ ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು, ತೊಡೆಯ ಮೇಲೆ ಚೀಲ, ಚೀಲದ ಮೇಲೆ ನೋಟ್‌ಬುಕ್ಕು.

"ನಿನ್ನೆ ನೀನು ಕೂಗಿದ್ದನ್ನೂ ಬರೆದಿದೀನಿ," ಅಂದರು. "ಹನ್ನೊಂದೂ ಕಾಲಿಗೆ. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ಸೋಮವಾರ ಅಂಗಡಿ ಬಾಗಿಲು ತೆಗೆದದ್ದು ಯಾರು?"

"ನಾನು. ಯಾಕೆ?"

"ಮಂಗಳವಾರ?"

"ನಾನು ಅಕ್ಕಾ," ಅಂದಳು ಹೆಂಡತಿ. "ಇವರಿಗೆ ಎಚ್ಚರ ಆಗಿರಲಿಲ್ಲ."

ಬುಧವಾರ ನಾನು, ಗುರುವಾರ, ಶುಕ್ರವಾರ ಅವಳು. ಅತ್ತಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಾ ಬಂದರು. ನಾನು ಬಾಗಿಲು ತೆಗೆದ ದಿನ ಯಂತ್ರ ಕತ್ತರಿಸಿತ್ತು. ಅವಳು ತೆಗೆದ ದಿನ ವಾಂತಿ.

"ನೋಡಿದ್ಯೇನೇ? ನಿನ್ನ ಕಾಲ್ಗುಣ!" ಅಂದೆ ನಾನು.

"ಕಾಲ್ಗುಣ ನನ್ನದಾದ್ರೆ ಕೂಗೋ ಗುಣ ಯಾರದ್ದು?"

"ಇಬ್ಬರೂ ಬಾಯಿ ಮುಚ್ಚಿ," ಅಂದರು ಅತ್ತಿಗೆ. "ಬೆಳಿಗ್ಗೆ ಬಂದ ತಕ್ಷಣ ಏನು ಮಾಡ್ತೀರಿ, ಮಾಡಿ ತೋರಿಸಿ."

ತೋರಿಸಿದೆವು. ಸಿಡಿಲು ಬಡಿದಾಗಿನಿಂದ ನಮ್ಮದೊಂದು ಅಭ್ಯಾಸ: ಸಂಜೆ ಬಾಗಿಲು ಹಾಕುವ ಮುಂಚೆ ಎಲ್ಲ ವೈರುಗಳನ್ನೂ ಕಿತ್ತಿಡುವುದು. ಬೆಳಿಗ್ಗೆ ಬಂದವರು ಮೊದಲು ಕಂಪ್ಯೂಟರ್ ಹಚ್ಚಿ, ಆಮೇಲೆ ವೈರು ಚುಚ್ಚುವುದು. ನಾನು ಬಂದರೆ ಮೊದಲು ನನ್ನ ಕಟಿಂಗ್ ಯಂತ್ರದ್ದು. ಅವಳು ಬಂದರೆ ಮೊದಲು ಅವಳ ಬಿಲ್ ಪ್ರಿಂಟರಿನದ್ದು. ಲೋಕದಲ್ಲಿ ಇದಕ್ಕಿಂತ ಸಹಜ ಏನಿದೆ?

ಅತ್ತಿಗೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಮೊದಲು ಬಂದ ವೈರಿಗೆ ಅದು ಸೊನ್ನೆ ಅಂತ ನಂಬರು ಕೊಡುತ್ತದೆ, ಎರಡನೆಯದಕ್ಕೆ ಒಂದು. ಅವರು ಕಟಿಂಗ್ ಕೆಲಸವನ್ನೆಲ್ಲ ಸೊನ್ನೆಗೆ ಕಳಿಸು ಎಂದು ಬರೆದಿಟ್ಟಿದ್ದರು. ಹೆಂಡತಿ ಬಂದ ದಿನ ಸೊನ್ನೆ ಅಂದರೆ ಬಿಲ್ ಪ್ರಿಂಟರು.

"ತಪ್ಪು ನಂದು," ಅಂದರು. "ಸಾಲಲ್ಲಿ ನಿಂತ ನಂಬರಿನಿಂದ ಯಾರನ್ನೂ ಗುರುತು ಹಿಡೀಬಾರದು. ಮೂವತ್ತೈದು ವರ್ಷ ಕಡತ ನೋಡಿದವಳು ನಾನು, ನನಗೆ ಹೊಳೀಬೇಕಿತ್ತು."

ಅವರು ತಪ್ಪು ನಂದು ಅಂದ ರೀತಿ ನೋಡಿ ನನಗೆ ನೆಲ ನೋಡುವ ಹಾಗಾಯಿತು. ನನ್ನ ಬಾಯಿಂದ ಆ ಎರಡು ಶಬ್ದ ಬಂದದ್ದೇ ಇಲ್ಲ.

ಎರಡೂ ವೈರು ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡವು, ಅವಳಿ ಜವಳಿ, ಮುಖ ನೋಡಿ ಹೇಳಲು ಕಂಪ್ಯೂಟರಿಗೂ ಆಗದು. ಆದ್ದರಿಂದ ಯಾವ ಕಿಂಡಿಗೆ ಚುಚ್ಚಿದ್ದಾರೆ ಎಂದು ನೋಡಿ ಹೆಸರಿಡು ಎಂದು ಒಂದು ಸಾಲಿನ ನಿಯಮ ಬರೆದರು. ಹೆಂಡತಿಯ ಉಗುರುಬಣ್ಣ ಇಸಿದುಕೊಂಡು ಒಂದು ಕಿಂಡಿಗೂ ನನ್ನ ವೈರಿಗೂ ಕೆಂಪು ಬಳಿದರು. ಆಮೇಲೆ ಯಾರು ಬಾಗಿಲು ತೆಗೆದರೂ, ಯಾವುದನ್ನು ಮೊದಲು ಚುಚ್ಚಿದರೂ ಯಂತ್ರ ಮುಷ್ಕರ ಹೂಡಲಿಲ್ಲ. ಅರವತ್ತೆರಡನೇ ಬೋರ್ಡನ್ನು ಗಡುವಿನ ಹಿಂದಿನ ದಿನ ಲಾರಿಗೆ ಹತ್ತಿಸಿದೆ. ಗುಜರಿಯವನು ಬಂದಾಗ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಯಂತ್ರ ಓಡಿಸಿ ತೋರಿಸಿ ಕಳಿಸಿದೆ.

ಏನು ಕೊಡಲಿ ಎಂದು ಅತ್ತಿಗೆಯನ್ನು ಕೇಳಿದೆ.

"ನನಗೆ ಏನೂ ಬೇಡ. ಆ ತಂತ್ರಾಂಶ ಬರೆದವನಿಗೆ ಒಂದು ಟಿಪ್ಪಣಿ ಕಳಿಸು. ಈ ಮಾಡೆಲ್ಲೂ ಓಡುತ್ತೆ, ಇಂತಿಂಥ ಸಂಖ್ಯೆ ಹಾಕಬೇಕು, ದುಂಡಿಗೆ ಚಾಕು ಇಷ್ಟು ದಾಟಬೇಕು ಅಂತ. ಅವನು ಅದನ್ನ ಓಡೋ ಮಾಡೆಲ್ಲುಗಳ ಪಟ್ಟಿಗೆ ಸೇರಿಸ್ತಾನೆ. ಇನ್ನೆಲ್ಲೋ ಇದೇ ಮಿಷನ್ ಇಟ್ಕೊಂಡವನಿಗೆ ಸಿಗುತ್ತೆ."

"ನೀವೇ ಬರೀರಿ ಅತ್ತಿಗೆ. ನಾನು ಆರನೇ ಕ್ಲಾಸು."

"ಚಾಕು ಗೊತ್ತಿರೋದು ನಿನಗೆ. ನೀನು ಬರೆದುಕೊಡು, ಅವನ ಭಾಷೆಗೆ ನಾನು ಹಾಕ್ತೀನಿ."

ಆಗಲಿ ಅಂದೆ. ಕೆಲಸದ ಮೇಲೆ ಕೆಲಸ ಬಂತು. ಅತ್ತಿಗೆ ಎರಡು ಸಲ ನೆನಪಿಸಿದರು. ಮೂರನೇ ಸಲ ಕೇಳಲಿಲ್ಲ.

ಎರಡು ವರ್ಷ ಕಳೆದು, ಊರಿನ ಆ ತುದಿಯ ಬೋರ್ಡಿನವನೊಬ್ಬ ಅಂಗಡಿಗೆ ಬಂದ. ಕೈಯಲ್ಲಿ ಸೀಲು ಒಡೆಯದ ಚಾಕಿನ ಪೊಟ್ಟಣ, ನನ್ನ ಮಾಡೆಲ್ಲಿನದೇ. "ನಿಮಗೆ ಉಪಯೋಗ ಆಗುತ್ತೇನೋ, ಇಟ್ಕೊಳ್ಳಿ. ನನ್ನ ಮಿಷನ್ನು ಹೋದ ತಿಂಗಳು ಗುಜರಿಗೆ ಹೋಯ್ತು. ಡ್ರೈವರ್ ಇಲ್ಲ ಅಂದ್ರು. ನನ್ನ ಮಗಳು ಎಲ್ಲಾ ಕಡೆ ಹುಡುಕಿದ್ಲು, ಈ ಮಾಡೆಲ್ಲಿನ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ." ಆಮೇಲೆ ನನ್ನ ಯಂತ್ರ ಗರ್ರ್ ಅನ್ನುವುದು ಅವನಿಗೆ ಕೇಳಿಸಿತು. ಹತ್ತಿರ ಹೋಗಿ, ಬಗ್ಗಿ ಅದರ ಮಾಡೆಲ್ ನಂಬರು ಓದಿದ. ಅತ್ತಿಗೆ ಆ ದಿನ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ.

ಆ ವಾರವೇ ಕೂತು ಆ ಟಿಪ್ಪಣಿ ಬರೆದೆ. ಒಂದು ಹಾಳೆಗೆ ಆರು ದಿನ ಹಿಡಿಯಿತು. ಅತ್ತಿಗೆ ಅದನ್ನು ತಂತ್ರಾಂಶದವನ ಭಾಷೆಗೆ ಹಾಕಿ ಕಳಿಸಿದರು. ತಿಂಗಳು ಕಳೆದು ಬೇರೆ ಯಾರೋ ಉತ್ತರ ಕೊಟ್ಟರು: ತಂತ್ರಾಂಶ ಬರೆದಾತ ಈ ಕೆಲಸ ಬಿಟ್ಟಿದ್ದಾರೆ, ಪಟ್ಟಿ ಮುಚ್ಚಿದೆ, ಇನ್ನು ಏನನ್ನೂ ಸೇರಿಸಲಾಗುವುದಿಲ್ಲ.

ಅತ್ತಿಗೆ ಆ ಉತ್ತರವನ್ನು ಬಲಗಡೆ ಹಾಳೆಯಲ್ಲಿ ಬರೆದುಕೊಂಡರು, ಗಂಟೆ ಸಮೇತ. ಆ ಬೋರ್ಡಿನವನ ಅಂಗಡಿಯಿದ್ದ ಜಾಗದಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಅವನು ಕೊಟ್ಟ ಚಾಕುಗಳನ್ನು ನಾನು ಬಳಸಿ ಮುಗಿಸಿದ್ದೇನೆ.