ಅವರ ಮಾತು ಬಲಗೈಯಲ್ಲಿತ್ತು

ಹೇಳುತ್ತಿದ್ದ ಮಾತಿನ ನಡುವೆಯೇ ಅವರ ಬಲಗೈ ನಿಂತುಹೋಯಿತು.

ಭಾನುವಾರ. ಊಟ ಮುಗಿದಿತ್ತು. ನನ್ನ ಗಂಡ ರಂಗನಾಥ ಗೋಡೆಗೆ ಒರಗಿ ಕೂತು, ಪೀಣ್ಯದ ತಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಸಾಂಬಾರಿನ ಪಾತ್ರೆಯೊಳಗೆ ಕನ್ನಡಕ ಬೀಳಿಸಿಕೊಂಡ ಕಥೆ ಹೇಳುತ್ತಿದ್ದರು. ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನನಗೆ ಚಿಕ್ಕವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಅಷ್ಟರೊಳಗೆ ಕಲಿತಿದ್ದ ಕನ್ನಡ ಬಾಯಲ್ಲಿ ಉಳಿಯಿತು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಆಮೇಲೆ ಕಲಿತೆ. ಮನೆಯೊಳಗೆ ಮಾತ್ರ ನಮ್ಮಿಬ್ಬರದೂ ಕೈಮಾತು. ಅವರಷ್ಟು ಚೆನ್ನಾಗಿ ಕೈಯಲ್ಲಿ ಕಥೆ ಹೇಳುವವರನ್ನು ನಾನು ಕಂಡಿಲ್ಲ.

ಕನ್ನಡಕ ಬಿದ್ದದ್ದನ್ನು ತೋರಿಸಲು ಎತ್ತಿದ ಕೈ ಅರ್ಧದಲ್ಲೇ ನಿಂತು, ದೊಪ್ಪನೆ ತೊಡೆಯ ಮೇಲೆ ಬಿತ್ತು. ಅದೂ ಕಥೆಯ ಭಾಗವೆಂದುಕೊಂಡು ನಾನು ನಕ್ಕೆ.

ಅವರ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

ಪಕ್ಕದ ಮನೆಯಿಂದ ಮುನಿಯಮ್ಮನನ್ನು ಕರೆತಂದೆ. ದಾಸರಹಳ್ಳಿಯ ಈ ವಠಾರ ಆಕೆಯದೇ. ಮಂಡಿನೋವಿನ ಮುದುಕಿ, ಓಡಲಾರಳು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ಕಾಣುವಂತೆ ಮುಖವೆತ್ತಿ, "ನೀನು ಓಗವ್ವ. ಔಷದಿ ಅಂಗಡೀಲಿ ಪೋನೈತೆ. ನಾನಿಲ್ಲೇ ಕುಂತಿರ್ತೀನಿ" ಎಂದಳು.

ನಮ್ಮ ಬೀದಿಗೆಲ್ಲ ಇರುವುದು ಅದೊಂದೇ ಫೋನು. ಅಂಗಡಿಯ ಬಸವರಾಜು ಹುಬ್ಬಳ್ಳಿ ಕಡೆಯವರು, ಊಟಕ್ಕೆ ಹೋಗಿದ್ದರು. ಶಟರು ಅರ್ಧ ಎಳೆದಿತ್ತು. ಬಗ್ಗಿ ಒಳಗೆ ನುಗ್ಗಿದೆ. ಗೋಡೆಯ ಮೇಲೆ ಆಸ್ಪತ್ರೆಯ ನಂಬರು ಬರೆದಿತ್ತು. ನಾನು ಹುಟ್ಟಿದ ಮೇಲೆ ಫೋನು ಮುಟ್ಟಿದ್ದು ಅದೇ ಮೊದಲು. ಬೇರೆಯವರು ಮಾಡುವುದನ್ನು ನೋಡಿದ್ದೆನಲ್ಲ, ಹಾಗೇ ಡಯಲ್ ತಿರುಗಿಸಿದೆ.

ಆಚೆ ಕಡೆ ಗಂಟೆ ಹೊಡೆಯಿತೋ, ಯಾರಾದರೂ ಎತ್ತಿಕೊಂಡರೋ ನನಗೆ ತಿಳಿಯುವುದಾದರೂ ಹೇಗೆ? ಸ್ವಲ್ಪ ಕಾದೆ. ಆಮೇಲೆ ಹೇಳತೊಡಗಿದೆ. ನನ್ನ ಗಂಡನಿಗೆ ಕೈ ಬಿದ್ದುಹೋಗಿದೆ, ದಾಸರಹಳ್ಳಿ, ಮುನಿಯಮ್ಮನ ವಠಾರ, ತುಮಕೂರು ರಸ್ತೆಯಿಂದ ಒಳಗೆ, ಬೇಗ ಬನ್ನಿ, ನನಗೆ ಕಿವಿ ಕೇಳಿಸಲ್ಲ, ನೀವು ಏನು ಕೇಳಿದರೂ ಗೊತ್ತಾಗಲ್ಲ, ದಯವಿಟ್ಟು ಬನ್ನಿ. ಯಾರೂ ಎತ್ತಿರದಿದ್ದರೆ ಈಗಲಾದರೂ ಎತ್ತಿರಬಹುದೆಂದು ಮತ್ತೆ ಮೊದಲಿನಿಂದ ಹೇಳಿದೆ. ಗಂಟಲು ಉರಿಯುವವರೆಗೆ ಹೇಳಿದೆ. ಎಷ್ಟು ಜೋರಾಗಿ ಕೂಗುತ್ತಿದ್ದೆನೋ, ಬೀದಿಯ ಜನ ಶಟರಿನಡಿ ಬಗ್ಗಿ ನೋಡುತ್ತಿದ್ದರು.

ಬಸವರಾಜು ಓಡಿ ಬಂದು ನನ್ನ ಕೈಯಿಂದ ರಿಸೀವರ್ ತೆಗೆದು ಕಿವಿಗಿಟ್ಟುಕೊಂಡರು. ಅವರ ಮುಖ ಇಳಿದುಹೋಯಿತು. ನನ್ನ ಕಡೆ ತಿರುಗಿ ಬಿಡಿಸಿ ಬಿಡಿಸಿ ಹೇಳಿದರು.

"ಲೈನಾ ಇಲ್ರೀ ಅಕ್ಕಾ. ಮುಂಜಾನಿಂದ ಸತ್ತೈತ್ರೀ ಫೋನು."

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಬಸವರಾಜು ರಸ್ತೆಯ ನಡುವೆ ನಿಂತು ಕೋಸು ತುಂಬಿದ್ದ ಒಂದು ಮೆಟಡೋರನ್ನು ತಡೆದದ್ದು. ಮೂಟೆಗಳ ನಡುವೆ ನನ್ನ ಗಂಡನನ್ನು ಮಲಗಿಸಿದ್ದು. ಯಶವಂತಪುರದ ಹತ್ತಿರ ವಾಹನಗಳ ಸಾಲಿನಲ್ಲಿ ಗಾಡಿ ನಿಂತೇ ಇದ್ದದ್ದು. ದಾರಿಯುದ್ದಕ್ಕೂ ಅವರು ಎಡಗೈಯಿಂದ ಬಲಗೈಯನ್ನು ಎತ್ತುತ್ತಿದ್ದರು. ಅದು ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದರು.

ಆಸ್ಪತ್ರೆಗೆ ನನ್ನ ಮೈದುನ ಶ್ರೀಧರ ಬಂದ. ಅವನಿಗೆ ಕಿವಿ ಕೇಳಿಸುತ್ತದೆ, ಹಾಗಾಗಿ ಡಾಕ್ಟರು ನನ್ನನ್ನು ಬಿಟ್ಟು ಅವನೊಂದಿಗೇ ಮಾತಾಡಿದರು. ಡಾಕ್ಟರ ತುಟಿ ಬಹಳ ಹೊತ್ತು ಆಡಿತು. ಶ್ರೀಧರ ನನ್ನತ್ತ ತಿರುಗಿ, "ಬಿ.ಪಿ. ಅಂತೆ ಅತ್ತಿಗೆ. ಸರಿ ಹೋಗ್ತಾನಂತೆ" ಎಂದ. ಅಷ್ಟೇ. ಅವನ ಕಣ್ಣು ಕೆಂಪಾಗಿತ್ತು. ನನಗೆ ನೋವಾಗಬಾರದೆಂದು ಉಳಿದದ್ದನ್ನೆಲ್ಲ ತನ್ನಲ್ಲೇ ಇಟ್ಟುಕೊಂಡಿದ್ದ. ಪ್ರತಿದಿನವೂ ಹಾಗೇ. ನನ್ನ ಗಂಡನ ಕಾಯಿಲೆಯ ಸುದ್ದಿ ನನ್ನ ಹತ್ತಿರ ಬರುವಷ್ಟರಲ್ಲಿ ಒಂದು ಮುಷ್ಟಿಯಷ್ಟಾಗಿರುತ್ತಿತ್ತು.

ಒಂದು ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತಿದ್ದರು. ಅವರು ಶ್ರೀಧರನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕಂಡಿತು.

"ಬ್ರೈನಿನ ಲೆಫ್ಟ್ ಸೈಡ್ ಸ್ಟ್ರೋಕ್ ಆದ್ರೆ ಮಾತು ಹೋಗುತ್ತೆ. ಇವರಿಗೆ ಮೊದಲೇ ಮಾತಿಲ್ವಲ್ಲ, ಆ ಮಟ್ಟಿಗೆ ನಷ್ಟ ಇಲ್ಲ."

ಶ್ರೀಧರ ತಲೆ ತಗ್ಗಿಸಿದ. ನಾನು ತಡೆಯಲಾರದೆ ಬಾಯಿಬಿಟ್ಟೇ ಹೇಳಿದೆ. "ಮಾತಿತ್ತು ಡಾಕ್ಟ್ರೇ. ಕೈಯಲ್ಲಿತ್ತು. ಈಗ ಹೋಯ್ತು."

ನನ್ನ ದನಿ ಹೇಗೆ ಕೇಳಿಸಿತೋ, ವಾರ್ಡಿನ ಎಲ್ಲರೂ ತಿರುಗಿದರು. ಡಾಕ್ಟರು ಫೈಲು ಕೆಳಗಿಟ್ಟರು. ಮಂಚದ ಅಂಚಿನಲ್ಲಿ ಕೂತು ಆ ಸತ್ತ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದರು. ಮರುದಿನದಿಂದ ಅವರು ನನ್ನ ಮುಖ ನೋಡಿ ಮಾತಾಡುತ್ತಿದ್ದರು.

ಎಡಗೈ ಚೆನ್ನಾಗಿತ್ತಲ್ಲ, ಅದರಲ್ಲೇ ಮಾತಾಡಬಹುದೆಂದು ನಾನು ಆಸೆಪಟ್ಟಿದ್ದೆ. ಆದರೆ ಮಾತು ಕೈಯಲ್ಲಷ್ಟೇ ಇರುವುದಲ್ಲ, ಮೆದುಳಿನೊಳಗೆ ಇರುತ್ತದೆಂದು ಡಾಕ್ಟರು ವಿವರಿಸಿದರು. ಎಡಗೈ ಎದ್ದರೂ ಸನ್ನೆಗಳು ಕಲಸಿಹೋಗುತ್ತಿದ್ದವು. ಅನ್ನ ಎನ್ನಲು ಹೋಗಿ ಬಸ್ಸು ಎನ್ನುವರು. ತಪ್ಪಾಯಿತೆಂದು ತಿಳಿಯುತ್ತಿತ್ತು, ಸರಿ ಮಾಡಲು ಆಗುತ್ತಿರಲಿಲ್ಲ. ಆಗ ಗೋಡೆಯ ಕಡೆ ತಿರುಗಿ ಮಲಗುವರು. ನಾನೂ ಅವರ ಬೆನ್ನ ಹಿಂದೆ ಅಳುತ್ತಿದ್ದೆ. ನಮ್ಮಲ್ಲಿ ಯಾರು ಅತ್ತರೂ ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊನ್ನೆ ಅವರಿಗೆ ನುಂಗಿದ ಮಾತ್ರೆಯೆಲ್ಲ ವಾಂತಿಯಾಯಿತು. ಬಸವರಾಜು ಅವರ ಅಂಗಡಿಗೆ ಓಡಿದೆ. ಫೋನು ಈಗ ಸರಿಯಾಗಿತ್ತು. ಅವರು ನಂಬರು ತಿರುಗಿಸಿ, ತುಟಿ ನನಗೆ ಕಾಣುವಂತೆ ಎದುರಿಗೆ ನಿಂತರು. "ರಿಂಗ್ ಆಗಾಕತ್ತೈತ್ರೀ... ಯಾರೋ ತಗೊಂಡ್ರು... ನರ್ಸ್, ಸ್ವಲ್ಪ ಸಿಟ್ಟಿನ್ಯಾಗ ಅದಾರ... ತಡೀರಿ, ಡಾಕ್ಟ್ರು ಬಂದ್ರು." ಏನನ್ನೂ ಬಿಡಲಿಲ್ಲ. ನಾನು ಹೇಳಿದ್ದನ್ನು ಡಾಕ್ಟರಿಗೆ, ಡಾಕ್ಟರು ಹೇಳಿದ್ದನ್ನು ನನಗೆ ಮುಟ್ಟಿಸಿದರು. ಮಾತ್ರೆಯ ವಿಷಯ ಮುಗಿದ ಮೇಲೆ, ಒಳಗೇ ಕೊರೆಯುತ್ತಿದ್ದ ಪ್ರಶ್ನೆಯನ್ನು ಡಾಕ್ಟರಿಗೆ ಕೇಳಲು ಹೇಳಿದೆ. ಬೇಗ ಕರೆತಂದಿದ್ದರೆ ಕೈ ಉಳಿಯುತ್ತಿತ್ತೇ?

ಬಸವರಾಜು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು. ಆಮೇಲೆ ಕೇಳಿದರು. ಕಾದರು.

"ಉಳೀತಿತ್ತು ಅಂತ ಹೇಳಾಕ ಬರಂಗಿಲ್ಲಂತ್ರೀ. ಉಳೀತಿರಲಿಲ್ಲ ಅಂತಾನೂ ಹೇಳಾಕ ಬರಂಗಿಲ್ಲಂತ." ಅವರ ಕಣ್ಣು ತುಂಬಿತ್ತು. "ಇದ್ದದ್ದು ಇದ್ದಂಗ ಹೇಳೀನ್ರೀ ಅಕ್ಕಾ."

ನಾನು ಕೈಮುಗಿದೆ. ಸಮಾಧಾನದ ಉತ್ತರವೇನಲ್ಲ ಅದು. ಆದರೆ ಪೂರ್ತಿಯಾಗಿ ನನ್ನ ಹತ್ತಿರ ಬಂದಿತ್ತು.

ಮನೆಗೆ ಬಂದಾಗ ಅವರು ಎದ್ದು ಕೂತಿದ್ದರು. ಎಡಗೈ ನಿಧಾನವಾಗಿ ಬಾಯಿಯ ಬಳಿಗೆ ಹೋಯಿತು. ನೀರು. ಸರಿಯಾದ ಸನ್ನೆ. ನಾನು ಲೋಟ ತುಂಬಿ ಅವರ ತುಟಿಗೆ ಹಿಡಿದೆ. ಬೇಡವೆಂದು ತಲೆಯಾಡಿಸಿ, ಬೆವರಿದ್ದ ನನ್ನ ಮುಖ ನೋಡುತ್ತಾ, ಲೋಟವನ್ನು ನನ್ನ ಕಡೆಗೆ ತಳ್ಳಿದರು.

ಅವರ ಎದುರಿಗೆ ಕೂತು ಪೂರ್ತಿ ಕುಡಿದೆ.