ಅತ್ತೆಯ ಮಂಡಿನೋವಿನ ಮಾತ್ರೆ

ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದ ಮರುವರ್ಷವೇ ನನ್ನ ದೊಡ್ಡ ಕರುಳಿನಲ್ಲಿ ಹುಣ್ಣಾಯಿತು. ಹೊಟ್ಟೆ ಹಿಂಡಿದಂತಾಗಿ ಮತ್ತೆ ಮತ್ತೆ ಬಾತ್‌ರೂಮಿಗೆ ಓಡಬೇಕು, ಹೋದಾಗೆಲ್ಲ ರಕ್ತ. ನೋವಿಗಿಂತ ನಾಚಿಕೆಯೇ ಹೆಚ್ಚು. ಯಾರ ಮನೆಗೂ ಹೋಗುವುದನ್ನು ಬಿಟ್ಟೆ.

ಬಲವಂತ ಮಾಡಿ ನನ್ನನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದವರು ಅತ್ತೆ. ಒಮ್ಮೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಅತ್ತೆ ನನ್ನ ಮುಖ ನೋಡಿದವರೇ ಪಕ್ಕದ ರಸ್ತೆಗೆ ಎಳೆದೊಯ್ದು, ಗುರುತೇ ಇಲ್ಲದ ಮನೆಯೊಂದರ ಗೇಟು ತೆಗೆದರು. "ತಪ್ಪು ತಿಳ್ಕೋಬೇಡಿಮ್ಮ, ನಂಗೆ ಶುಗರ್ ಇದೆ, ಬಾತ್‌ರೂಮಿಗೆ ಹೋಗ್ಬೇಕಿತ್ತು" ಎಂದು ಹೊರಬಂದ ಮನೆಯಾಕೆಗೆ ಹೇಳಿದರು. ಅವರಿಗೆ ಶುಗರ್ ಇರಲಿಲ್ಲ. ಬಾತ್‌ರೂಮಿನ ಬಾಗಿಲ ಬಳಿ ಬಂದಮೇಲೆ, "ನೀನೇ ಮೊದಲು ಹೋಗೇ, ಮಂಡಿನೋವು, ನಂಗೆ ಹೊತ್ತಾಗತ್ತೆ" ಎಂದು ನನ್ನನ್ನು ಒಳಗೆ ತಳ್ಳಿದರು. ನಾನು ಬಂದಮೇಲೆ ತಾವೂ ಹೋಗಿ ಸುಮ್ಮನೆ ಎರಡು ಮಗ್ ನೀರು ಸುರಿದು ಬಂದರು.

ಸ್ಟೆರಾಯ್ಡ್ ಮಾತ್ರೆಯಿಂದ ನನ್ನ ಮುಖ ಊದಿಕೊಂಡಿತು. ಮಾತ್ರೆ ಕಡಿಮೆ ಮಾಡಿದರೆ ಮತ್ತೆ ರಕ್ತ. ಕೊನೆಗೆ ಡಾಕ್ಟರು ಬೇರೊಂದು ಮಾತ್ರೆಯ ಹೆಸರು ಹೇಳಿದರು. "ಇದು ಸಂಧಿವಾತಕ್ಕೆ ಅಂತ ಬಂದ ಔಷಧಿ. ಈ ಥರದ ಕರುಳಿನ ಕಾಯಿಲೆಗೂ ಆಗತ್ತೆ ಅಂತ ಆಮೇಲೆ ಗೊತ್ತಾಯ್ತು."

ಪಕ್ಕದಲ್ಲಿ ಕೂತಿದ್ದ ಅತ್ತೆ ಚೀಲದಿಂದ ತಮ್ಮ ಸಂಧಿವಾತದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಅದೇ ಮಾತ್ರೆ.

"ಹಾಗಾದ್ರೆ ಇವತ್ತೇ ನನ್ನದ್ರಲ್ಲೇ ಶುರು ಮಾಡ್ಲಿ ಬಿಡಿ, ಡಾಕ್ಟ್ರೇ."

ಡಾಕ್ಟರು ನಕ್ಕರು. "ಹಂಚ್ಕೊಳ್ಳೋ ಹಾಗಿಲ್ಲಮ್ಮ. ಇವರ ಡೋಸೇ ಬೇರೆ. ಮೊದಲು ರಕ್ತ ಪರೀಕ್ಷೆ ಆಗ್ಬೇಕು, ಟಿ.ಬಿ. ಇಲ್ಲ ಅಂತ ಖಾತ್ರಿ ಆಗ್ಬೇಕು."

"ಮಂಡಿ ಔಷಧಿ ಹೊಟ್ಟೇಲಿ ಹೋಗಿ ಏನು ಮಾಡತ್ತೆ?"

"ರೋಗದ ವಿರುದ್ಧ ಹೋರಾಡ್ಬೇಕಾದ ಶಕ್ತಿ ನಮ್ಮ ಮೈ ಮೇಲೇ ತಿರುಗಿ ಬಿದ್ದಿದೆ. ನಿಮಗೆ ಕೀಲಲ್ಲಿ, ಇವರಿಗೆ ಕರುಳಲ್ಲಿ. ಈ ಮಾತ್ರೆ ಅದನ್ನ ಸ್ವಲ್ಪ ತಣ್ಣಗೆ ಮಾಡತ್ತೆ."

ಆಟೋದಲ್ಲಿ ಅತ್ತೆ ತಮ್ಮ ಮಾತ್ರೆಯ ಸ್ಟ್ರಿಪ್ಪನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ, "ನಿಮ್ಮಮ್ಮನ ಹೋಲಿಕೆ ಅಂತಿದ್ರು ಎಲ್ರೂ. ಅಂತೂ ನನ್ನ ಕಡೆಯವಳೇ ಆದೆ" ಎಂದರು.

ಪರೀಕ್ಷೆಗಳೆಲ್ಲ ಮುಗಿದು ಮಾತ್ರೆ ಶುರುವಾಯಿತು. ಬೆಳಿಗ್ಗೆ ನಾನು ನುಂಗಿದ್ದನ್ನು ಕಣ್ಣಾರೆ ನೋಡದೆ ಅತ್ತೆ ಕಾಫಿ ಮುಟ್ಟುತ್ತಿರಲಿಲ್ಲ. ಕೆಲವು ವಾರಗಳಲ್ಲಿ ರಕ್ತ ನಿಂತಿತು. ನಿಧಾನವಾಗಿ ಸ್ಟೆರಾಯ್ಡೂ ತಪ್ಪಿತು.

ಆ ವರ್ಷ ಮಲ್ಲೇಶ್ವರದಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋದೆವು. ಒಳಗೆ ಕಾಲಿಟ್ಟಾಗ ಅಭ್ಯಾಸಬಲದಿಂದ ಬಾತ್‌ರೂಮು ಎಲ್ಲಿದೆ ಎಂದು ಹುಡುಕಿದ್ದು ನಿಜ. ಪಂಕ್ತಿಯಲ್ಲಿ ಕೂತಮೇಲೆ ಮರೆತೇಹೋಯಿತು. ಅತ್ತೆ ತಮ್ಮ ಎಲೆಯ ಹೋಳಿಗೆಯನ್ನು ಮುರಿದು ನನ್ನ ಎಲೆಗೆ ಹಾಕಿದರು.

ವಾಪಸು ಬರುವಾಗ ಮೆಟ್ರೋದಲ್ಲಿ ಅತ್ತೆ ನನ್ನ ಭುಜಕ್ಕೊರಗಿ ನಿದ್ದೆಹೋದರು. ನಾವು ಇಳಿಯಬೇಕಾದ ಮಾರ್ಕೆಟ್ ಸ್ಟೇಷನ್ ಬಂತು. ಎಬ್ಬಿಸಲು ಮನಸ್ಸಾಗಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಯಾವ ಅವಸರವೂ ಇಲ್ಲದೆ, ಅವರ ಮಂಡಿಯ ವೇಗಕ್ಕೆ ಹೆಜ್ಜೆ ಹಾಕುತ್ತ ಮನೆಗೆ ನಡೆದು ಬಂದೆವು.