ಕತ್ತಿಗೆ ಒಂದು ದಿನಾರ್, ಕೊಡೆಗೆ ಅರ್ಧ

ಕುವೈತಿನ ರಾಯ್‌ನಲ್ಲಿ ನಡೆಯುವ ಶುಕ್ರವಾರದ ಸಂತೆಯಲ್ಲಿ ಹಳೆ ಸಾಮಾನು ಮಾರುತ್ತಿದ್ದ ಕಾಕ ನಮ್ಮ ಬಂಟ್ವಾಳದ ಕಡೆಯವರು. ಮಿಕ್ಸಿ, ಫ್ಯಾನು, ಗಡಿಯಾರ, ಏನನ್ನೇ ಮುಂದಿಟ್ಟರೂ ಒಮ್ಮೆ ತಿರುಗಿಸಿ ನೋಡಿ ಬೆಲೆ ಹೇಳುತ್ತಿದ್ದರು. ಅಂಥವರನ್ನು ತಬ್ಬಿಬ್ಬು ಮಾಡಿದ್ದು ಒಂದು ಪೆಟ್ಟಿಗೆ ಜಪಾನಿ ಸಿನಿಮಾ ಪತ್ರಿಕೆಗಳು. ಕುವೈತ್ ಬಿಟ್ಟುಹೋದ ಯಾರದೋ ಮನೆಯಿಂದ ಸೋಫಾದ ಜೊತೆ ಬಂದಿದ್ದವು. ಎಲ್ಲವೂ ಕಪ್ಪುಬಿಳುಪು ಚಿತ್ರಗಳ ಕಾಲದವು.

“ಸಿಸ್ಟರ್, ಇದಕ್ಕೆ ಎಂತ ರೇಟು ಹಾಕುವುದು ಮಾರಾಯ್ರೆ? ಯಾವ ಕಡೆಯಿಂದ ಓದುವುದು ಅಂತಲೇ ಗೊತ್ತಾಗುವುದಿಲ್ಲ.”

ನಾನು ಆಗ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ನರ್ಸ್. ಜಪಾನಿ ಭಾಷೆ ಬಾರದಿದ್ದರೂ ಸಿನಿಮಾ ಹುಚ್ಚು ಬೇಕಾದಷ್ಟಿತ್ತು. ಇಬ್ಬರೂ ಕೂತು ಒಂದು ಕಾನೂನು ಮಾಡಿದೆವು: ಮುಖಪುಟದಲ್ಲಿ ಕತ್ತಿ ಹಿಡಿದ ಗಂಡಸಿದ್ದರೆ ಒಂದು ದಿನಾರ್, ಕೊಡೆ ಹಿಡಿದ ಹೆಂಗಸಿದ್ದರೆ ಅರ್ಧ. ನಾನು ಒಂದು ಕತ್ತಿ, ಒಂದು ಕೊಡೆ ಕೊಂಡೆ. ಮುಖಪುಟವೇ ಹರಿದುಹೋಗಿದ್ದ ಒಂದನ್ನು ಕಾಕ ಪುಕ್ಕಟೆಯಾಗಿ ಕೈಗಿಟ್ಟರು.

ನಮ್ಮ ವಾರ್ಡಿನಲ್ಲಿ ಶುಐಬಾದ ಕಾರ್ಖಾನೆಯ ಜಪಾನಿ ಎಂಜಿನಿಯರ್ ಒಬ್ಬರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಇಂಗ್ಲಿಷ್ ಬರುತ್ತಿದ್ದರೂ ಥ್ಯಾಂಕ್ಯೂ ಬಿಟ್ಟರೆ ಬೇರೆ ಮಾತಿಲ್ಲ. ಮಾರನೆಯ ದಿನ ಅವರ ಮುಂದೆ ಮೂರನ್ನೂ ಇಟ್ಟೆ. ಕತ್ತಿಯದನ್ನು ತೆರೆದವರೇ ಮಂಚ ಅಲುಗಾಡುವಂತೆ ನಕ್ಕರು.

“ಸಿಸ್ಟರ್, ಇದು ಸಿನಿಮಾ ಪತ್ರಿಕೆಯಲ್ಲ. ಶೇವಿಂಗ್ ಬ್ಲೇಡ್ ಕಂಪನಿಯ ಜಾಹೀರಾತು ಪುಸ್ತಕ!”

ಮುಖಪುಟವಿಲ್ಲದ್ದನ್ನು ಬಿಡಿಸುವಾಗ ಮಾತ್ರ ಅವರ ಬೆರಳುಗಳು ನಿಧಾನವಾದವು. ನಡುವೆ ಮಡಿಸಿಟ್ಟ ದೊಡ್ಡ ಪೋಸ್ಟರ್ ಹಾಗೆಯೇ ಇತ್ತು. ಹಳೆಯದನ್ನು ಸಂಗ್ರಹಿಸುವವರು ಇದಕ್ಕೆ ಮೂವತ್ತು ದಿನಾರಾದರೂ ಕೊಡುತ್ತಾರೆ ಎಂದರು.

ಪುಕ್ಕಟೆ ಸಿಕ್ಕಿದ್ದು! ವಾರವಿಡೀ ನನಗೆ ಸಮಾಧಾನವಿಲ್ಲ. ಶುಕ್ರವಾರ ಪತ್ರಿಕೆಯನ್ನು ತೆಗೆದುಕೊಂಡು ಹೋಗಿ ಕಾಕನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಪೋಸ್ಟರನ್ನು ನೋಡಿದರು, ನನ್ನನ್ನು ನೋಡಿದರು.

“ಕೊಟ್ಟದ್ದು ಕೊಟ್ಟಾಯ್ತು ಸಿಸ್ಟರ್, ಖಲಾಸ್. ಆದರೆ ಆ ಜಪಾನಿ ಜನವನ್ನು ಒಮ್ಮೆ ಇಲ್ಲಿಗೆ ಕರ್ಕೊಂಡು ಬನ್ನಿ.” ಬ್ಲೇಡಿನ ಪುಸ್ತಕಕ್ಕೆ ತೆಗೆದುಕೊಂಡ ದಿನಾರನ್ನು ನಾಚಿಕೊಂಡೇ ವಾಪಸು ಕೊಟ್ಟರು.

ಡಿಸ್ಚಾರ್ಜ್ ಆದ ಮೇಲೆ ಎಂಜಿನಿಯರ್ ಊರುಗೋಲು ಹಿಡಿದು ಸಂತೆಗೆ ಬಂದೇ ಬಂದರು. ಮಾರಾಟಕ್ಕಿಟ್ಟ ಕುರ್ಚಿಯೊಂದರಲ್ಲಿ ಕಾಲು ಚಾಚಿ ಕುಳಿತು, ಒಂದೊಂದು ಪತ್ರಿಕೆಗೂ ಪೆನ್ಸಿಲಿನಲ್ಲಿ ಬೆಲೆ ಬರೆಯತೊಡಗಿದರು. ನಮ್ಮ ಕಾನೂನು ತಲೆಕೆಳಗಾಯಿತು: ಕೊಡೆಗಳು ಮೇಲೇರಿದವು, ಕತ್ತಿಗಳು ಕುಸಿದವು. ಹಾಗೆ ಬರೆಯುತ್ತ ಅವರು ಓದುಗರ ಪತ್ರವೊಂದಕ್ಕೆ ಬಂದು ನಿಂತರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ನಾನು ಕಾಕನಿಗೆ ಕನ್ನಡದಲ್ಲಿ ಹೇಳಿದೆ. ಗೃಹಿಣಿಯೊಬ್ಬಳು ಕೇಳಿದ್ದಳು: ನನ್ನ ಗಂಡ ಒಂದೇ ಸಿನಿಮಾವನ್ನು ಐದು ಸಲ ನೋಡಿದ್ದಾರೆ. ಕಥೆಗಾಗಿಯೋ, ನಾಯಕಿಗಾಗಿಯೋ? ದಯವಿಟ್ಟು ತಿಳಿಸಿ.

“ಪತ್ರಿಕೆಯವರು ಎಂತ ಹೇಳಿದ್ರು?” ಕಾಕ ಮುಂದೆ ಬಾಗಿದರು.

ಉತ್ತರ ಮುಂದಿನ ಸಂಚಿಕೆಯಲ್ಲಂತೆ. ಮೂವರೂ ಪೆಟ್ಟಿಗೆಯನ್ನು ಮಗುಚಿ ಹಾಕಿ ಹುಡುಕಿದೆವು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಫ್ಯಾನಿಗೆ ಎಷ್ಟೆಂದು ಕೇಳಿದ.

“ಸ್ವಲ್ಪ ನಿಲ್ಲಿ ಭಾಯಿ,” ಎಂದರು ಕಾಕ, ತಲೆಯೆತ್ತದೆ. “ಇಲ್ಲಿ ಒಂದು ಸಂಸಾರದ ವಿಷಯ ಉಂಟು.”